ಬೇಲಿಯನ್ನೇ ಊಟ ಮಾಡುವ ಊರು

ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ನಮಗೆಲ್ಲ ಗೊತ್ತು. ವರದಿಗಾರರಾದ ಮೇಲಂತೂ ವಾರಕ್ಕೊಂದು ಸಲ ಬರೆದಿದ್ದೇವೆ. ಆದರೆ ಮನೆಯವರೇ ಎದ್ದು ಬೇಲಿ ತಿನ್ನುವುದನ್ನು ನಾವು ನೋಡಿದ್ದು ಜಪಾನಿನ ಯೊನೆಜಾವಾ ಎಂಬ ಊರಿನಲ್ಲಿ.

ಮೇ ತಿಂಗಳ ಮೊದಲ ವಾರ. ಬೆಳಿಗ್ಗೆ ಎಂಟು ಗಂಟೆ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಒಂದು ಹಳೆ ಮನೆಯ ಮುಂದೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕೈಗೆ ಗವಸು ಹಾಕಿಕೊಂಡು ಮುಳ್ಳುಬೇಲಿಯ ಚಿಗುರು ಕೀಳುತ್ತಿದ್ದರು. ಬೇಲಿ ಒಪ್ಪ ಮಾಡುತ್ತಿದ್ದಾರೆ ಅಂದುಕೊಂಡೆವು. ಆದರೆ ಕಿತ್ತ ಚಿಗುರನ್ನು ಜೋಪಾನವಾಗಿ ಬುಟ್ಟಿಗೆ ಹಾಕುತ್ತಿದ್ದರು. ನಮ್ಮ ಜೊತೆಗಿದ್ದ ಗೆಳೆಯ ವಿಚಾರಿಸಿದ. ಗಿಡದ ಹೆಸರು ಉಕೊಗಿ. ಚಿಗುರನ್ನು ಬೇಯಿಸಿ, ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ ಬಿಸಿ ಅನ್ನಕ್ಕೆ ಕಲೆಸುತ್ತಾರಂತೆ. ಸ್ವಲ್ಪ ಕಹಿ. ಕಹಿಯೇ ರುಚಿ ಅಂದರು ಅಜ್ಜಿ.

ಊರಲ್ಲಿ ಇಂತಹ ಬೇಲಿ ಇನ್ನೂ ಬಹಳ ಇವೆ. ಮುಳ್ಳಿರುವುದರಿಂದ ಕಾವಲಿಗೂ ಆಯಿತು, ಹೊಟ್ಟೆಗೂ ಆಯಿತು. ಇದು 400 ವರ್ಷದಿಂದ ಇರುವ ಪದ್ಧತಿ, ನಡುವೆ ಒಬ್ಬ ದೊರೆ ಇದನ್ನು ಮನೆಮನೆಗೂ ಹಬ್ಬಿಸಿದ ಎನ್ನುತ್ತಾರೆ. ಆ ದೊರೆ ಯಾರು, ಬೇಲಿ ತಿನ್ನುವ ಗತಿ ಆ ಊರಿಗೆ ಯಾಕೆ ಬಂತು ಎಂದು ಕೆದಕುತ್ತಾ ಹೋದಾಗ ಸಿಕ್ಕಿದ್ದು ಈ ಬರಹ.

ಮೊದಲು ನಾವು ಅಲ್ಲಿಗೆ ಹೋದ ಬಗೆ ಹೇಳಿಬಿಡುತ್ತೇವೆ, ಇಲ್ಲದಿದ್ದರೆ ಬಿಡಿ ವರದಿಗಾರರಿಗೆ ಜಪಾನಿಗೆ ಹೋಗುವಷ್ಟು ದುಡ್ಡು ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಡಿಪ್ಲೊಮಾದಲ್ಲಿ ನಮ್ಮ ಜೊತೆ ಓದಿದವನೊಬ್ಬ ಸುದ್ದಿ ಬಿಟ್ಟು ಕಂಪನಿ ಸೇರಿದ. ಈಗ ಟೋಕಿಯೊ ಹತ್ತಿರ ಇದ್ದಾನೆ. ಟಿಕೆಟ್ಟು ಅವನದು, ಚಟ್ನಿಪುಡಿ ನಮ್ಮದು. ಟೋಕಿಯೊ ನೋಡಿ ಸಾಕಾದ ಮೇಲೆ ಎಲ್ಲಾದರೂ ಹಳ್ಳಿಕಡೆ ಕರೆದುಕೊಂಡು ಹೋಗು ಅಂದೆವು. ಉತ್ತರಕ್ಕೆ ಹೋಗುವ ಬುಲೆಟ್ ರೈಲು ಹತ್ತಿಸಿದ. ಫುಕುಶಿಮಾ ದಾಟಿದ ಮೇಲೆ ಆ ರೈಲು ತನ್ನ ಗತ್ತೆಲ್ಲ ಬಿಟ್ಟು ಘಾಟಿಯಲ್ಲಿ ಸಾದಾ ರೈಲಿನಂತೆ ನಿಧಾನ ಏರುತ್ತದೆ. ಇಟಾಯಾ ಘಾಟಿ ಇಳಿದರೆ ಸುತ್ತ ಬೆಟ್ಟ, ನಡುವೆ ತಟ್ಟೆಯಂತಹ ಬಯಲು. ಮೇ ತಿಂಗಳಲ್ಲೂ ಬೆಟ್ಟದ ತಲೆಯ ಮೇಲೆ ಹಿಮ. ಯಮಗಾತಾ ಎಂಬ ಪ್ರಾಂತ್ಯದ ದಕ್ಷಿಣ ತುದಿಯ ಊರು ಇದು. 2020ರ ಜನಗಣತಿಯಲ್ಲಿ 81 ಸಾವಿರ ಜನ. ಅಲ್ಲಿಯವರಿಗೆ ಅದು ಸಣ್ಣ ನಗರ. ಅಷ್ಟು ಜನರಿರುವ ನಮ್ಮ ತಾಲ್ಲೂಕು ಕೇಂದ್ರದ ಗದ್ದಲವನ್ನು ನೆನೆದುಕೊಂಡು ಇಲ್ಲಿಗೆ ಬಂದರೆ ಕಿವಿ ಕೆಟ್ಟಿತೇನೋ ಅನ್ನಿಸುತ್ತದೆ. ಸ್ಟೇಷನ್ನಿನಿಂದ ಕೋಟೆಯವರೆಗೆ ಎರಡು ಕಿಲೋಮೀಟರಿಗೂ ಹೆಚ್ಚು ನಡೆದೆವು. ಎದುರಿಗೆ ಸಿಕ್ಕವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಕೋಟೆ ಅಂದರೆ ಈಗ ಕೋಟೆ ಇಲ್ಲ. ನಾಲ್ಕು ಕಡೆ ಕಂದಕ, ಅದರಲ್ಲಿ ನೀರು, ನಡುವೆ ಉಯೆಸುಗಿ ಮನೆತನದ ಹೆಸರಿನ ಗುಡಿ. ಈ ಮನೆತನದ ಏಳುಬೀಳಿನಲ್ಲೇ ಊರಿನ ಕಥೆ ಇದೆ.

ಹಿಂದೆ ಜಪಾನಿನಲ್ಲಿ ಸಂಸ್ಥಾನದ ಅಳತೆ ಎಕರೆಯಲ್ಲಿ ಇರಲಿಲ್ಲ, ಭತ್ತದ ಇಳುವರಿಯಲ್ಲಿ ಇತ್ತು. ಒಂದು 'ಕೊಕು' ಅಂದರೆ ಸುಮಾರು 150 ಕೆಜಿ ಅಕ್ಕಿ, ಒಬ್ಬ ಮನುಷ್ಯನ ಒಂದು ವರ್ಷದ ಊಟ. ಉಯೆಸುಗಿಯವರು 12 ಲಕ್ಷ ಕೊಕುವಿನ ದೊಡ್ಡ ದೊರೆಗಳು. 1600ರಲ್ಲಿ ಸೆಕಿಗಹರಾ ಎಂಬಲ್ಲಿ ಜಪಾನಿನ ಹಣೆಬರಹ ಬದಲಿಸಿದ ಯುದ್ಧ ಆಯಿತು. ಗೆದ್ದವನು ತೊಕುಗಾವಾ ಇಯೆಯಾಸು. ಉಯೆಸುಗಿಯವರು ಅವನ ಎದುರು ಪಕ್ಷ. ಮರುವರ್ಷವೇ ಅವರನ್ನು ಯೊನೆಜಾವಾಕ್ಕೆ ಅಟ್ಟಿ 30 ಲಕ್ಷವಲ್ಲ, ಮೂರೇ ಲಕ್ಷ ಕೊಕು ಕೊಟ್ಟರು. ಅಂದರೆ ಕಾಲುಭಾಗ. 1664ರಲ್ಲಿ ದೊರೆ ವಾರಸುದಾರನಿಲ್ಲದೆ ತೀರಿಕೊಂಡ. ಆ ನೆಪದಲ್ಲಿ ಉಳಿದದ್ದರಲ್ಲೂ ಅರ್ಧ ಕಿತ್ತರು. 12 ಲಕ್ಷದವರು 64 ವರ್ಷದಲ್ಲಿ ಒಂದೂವರೆ ಲಕ್ಷಕ್ಕೆ ಇಳಿದರು.

ಇಷ್ಟಾದರೂ ಮನೆತನ ತನ್ನ ಸಮುರಾಯ್ ಆಳುಗಳನ್ನು ಕೈಬಿಡಲಿಲ್ಲ. ಐದು ಸಾವಿರ ಕುಟುಂಬಗಳ ಮೇಲೇ ಇದ್ದವು. ನೆಲ ಎಂಟನೆಯ ಒಂದು ಭಾಗಕ್ಕೆ ಬಂದರೂ ಸಂಬಳದ ಪಟ್ಟಿ ಹಾಗೇ ಉಳಿಯಿತು. ನಂಬಿದವರನ್ನು ಬಿಡಲಿಲ್ಲ ಎಂದು ಹೊಗಳಬಹುದು. ಆದರೆ ಆ ಸಂಬಳ ಬರಬೇಕಾದ್ದು ಎಲ್ಲಿಂದ? ಹಳ್ಳಿಯ ಕಣದಿಂದ. ತೆರಿಗೆ ಏರಿತು, ರೈತ ಮಕ್ಕಳನ್ನು ಸಾಕಲಾರದೆ ಹುಟ್ಟಿದ ಕೂಸನ್ನೇ ಕೊಲ್ಲುವ ಕಾಲ ಬಂತು. ಸಂಸ್ಥಾನದಲ್ಲಿ 17ನೇ ಶತಮಾನದ ಕೊನೆಗೆ ಸುಮಾರು 1 ಲಕ್ಷ 30 ಸಾವಿರ ಇದ್ದ ಜನಸಂಖ್ಯೆ 1760ರ ಹೊತ್ತಿಗೆ 1 ಲಕ್ಷಕ್ಕೆ ಕುಸಿಯಿತು. ಸಾಲ ಸುಮಾರು 2 ಲಕ್ಷ ರಿಯೊ ಚಿನ್ನದ ನಾಣ್ಯ. 1764ರಲ್ಲಿ ಆಗಿನ ದೊರೆ ಶಿಗೆಸದಾ ಸಂಸ್ಥಾನವನ್ನೇ ಶೋಗನ್ ಸರ್ಕಾರಕ್ಕೆ ವಾಪಸ್ ಕೊಟ್ಟುಬಿಡುತ್ತೇನೆ ಎಂದು ಹೊರಟಿದ್ದ. ಹಿರಿಯರು ತಡೆದರು.

ಅವನ ದತ್ತುಮಗನೇ ನಮ್ಮ ಕಥೆಯ ದೊರೆ ಯೋಜಾನ್. ಹುಟ್ಟಿದ್ದು 1751ರಲ್ಲಿ, ದೂರದ ಕ್ಯೂಶು ದ್ವೀಪದ ಒಂದು ಪುಟ್ಟ ಸಂಸ್ಥಾನದ ಮನೆತನದಲ್ಲಿ. ಆಗಿನ ಹೆಸರು ಬೇರೆ, ಯೋಜಾನ್ ಎಂಬುದು ಮುಪ್ಪಿನಲ್ಲಿ ಇಟ್ಟುಕೊಂಡದ್ದು. ಎಲ್ಲರೂ ಹಾಗೇ ಕರೆಯುವುದರಿಂದ ನಾವೂ ಹಾಗೇ ಕರೆಯುತ್ತೇವೆ. 1767ರಲ್ಲಿ ಪಟ್ಟಕ್ಕೆ ಬಂದಾಗ ಮೀಸೆ ಸರಿಯಾಗಿ ಬಂದಿರದ ಹುಡುಗ.

ಕಡಿತವನ್ನು ಅವನು ಶುರುಮಾಡಿದ್ದು ತನ್ನ ಮನೆಯಿಂದ. ಎದೊ ಪಟ್ಟಣದ, ಅಂದರೆ ಇಂದಿನ ಟೋಕಿಯೊದ, ತನ್ನ ಬಿಡಾರದ ವರ್ಷದ ಖರ್ಚು 1,500 ರಿಯೊ ಇದ್ದದ್ದನ್ನು 209ಕ್ಕೆ ಇಳಿಸಿದ. 50 ಜನ ಸೇವಕಿಯರಲ್ಲಿ 9 ಜನ ಉಳಿದರು. ಊಟಕ್ಕೆ ಒಂದು ಸಾರು, ಒಂದು ಪಲ್ಯ. ಮೈಗೆ ರೇಷ್ಮೆ ಇಲ್ಲ, ಹತ್ತಿ. ಇದನ್ನು ಓದಿ ನೀವು ನಮ್ಮ ಕಾಲದವರನ್ನು ನೆನೆಸಿಕೊಂಡರೆ ಅದಕ್ಕೆ ನಾವು ಜವಾಬ್ದಾರರಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. 1773ರಲ್ಲಿ ಏಳು ಜನ ಹಿರಿಯ ಸರದಾರರು ಒಟ್ಟಾಗಿ ಬಂದು 45 ಅಂಶಗಳ ಪತ್ರ ಕೊಟ್ಟು, ಈ ಹೊಸ ವ್ಯವಸ್ಥೆ ನಿಲ್ಲಿಸು ಎಂದು ಪಟ್ಟು ಹಿಡಿದರು. ಮಾಜಿ ದೊರೆಯೇ ಬಂದು ಅವರನ್ನು ಗದರಿಸಬೇಕಾಯಿತು. ವಿಚಾರಣೆ ನಡೆಸಿದ ಯೋಜಾನ್ ಇಬ್ಬರಿಗೆ ತಮ್ಮ ಹೊಟ್ಟೆಯನ್ನು ತಾವೇ ಸೀಳಿಕೊಂಡು ಸಾಯುವ ಶಿಕ್ಷೆ ವಿಧಿಸಿದ. ಉಳಿದವರಿಗೆ ಗೃಹಬಂಧನ, ಆಸ್ತಿ ಕಡಿತ. ಗುಡಿಯ ಬಳಿಯ ಪ್ರತಿಮೆಯಲ್ಲಿ ಅವನ ಮುಖ ಬಹಳ ಶಾಂತವಾಗಿದೆ. ಆ ಇಬ್ಬರ ನೆನಪಾಗಿ ನಾವು ಅಲ್ಲಿ ಸ್ವಲ್ಪ ಹೊತ್ತು ನಿಂತೆವು. ಒಳ್ಳೆಯ ದೊರೆಯಾದರೂ ಅವನು ದೊರೆಯೇ.

ಅವನು ಮುಟ್ಟಿದ್ದೆಲ್ಲ ಚಿನ್ನವಾಯಿತು ಎಂಬ ಧಾಟಿಯ ಕಥೆಗಳು ಜಪಾನಿನಲ್ಲಿ ಬಹಳ. ಕಾಗದಪತ್ರ ಹಾಗೆ ಹೇಳುವುದಿಲ್ಲ. ಅವನ ಮೊದಲ ಮಂತ್ರಿ ತಕೆನೊಮಾತಾ ದೊಡ್ಡ ಯೋಜನೆ ಹಾಕಿದ. ಹಿಪ್ಪುನೇರಳೆ 10 ಲಕ್ಷ, ಕಾಗದ ಮಾಡುವ ಕೊಝೊ ಗಿಡ 10 ಲಕ್ಷ, ಬೀಜದಿಂದ ಮೇಣ ಕೊಡುವ ಉರುಶಿ ಮರ 10 ಲಕ್ಷ ನೆಡಬೇಕು ಎಂದು. ಮೇಣದಬತ್ತಿಯ ಮೇಣ ಮಾರಿ ಸಾಲ ತೀರಿಸುವ ಲೆಕ್ಕ. ಅಷ್ಟರಲ್ಲಿ ದಕ್ಷಿಣ ಜಪಾನಿನಿಂದ ಬೇರೆ ಜಾತಿಯ ಮರದ ಅಗ್ಗದ ಮೇಣ ಮಾರುಕಟ್ಟೆಗೆ ಬಂದು ಬೆಲೆ ಬಿತ್ತು. ಹೊರಗಿನ ಮಾಲು ಬಂದು ದರ ಬೀಳುವುದು ಏನೆಂದು ನಿಮಗೆ ನಾವು ವಿವರಿಸಬೇಕಾಗಿಲ್ಲ. 1782ರಲ್ಲಿ ಆ ಮಂತ್ರಿಯೂ ತನ್ನ ನಡತೆಯಿಂದಲೇ ಕೆಲಸ ಕಳೆದುಕೊಂಡ.

ಮರುವರ್ಷವೇ ಮಹಾಕ್ಷಾಮ.

1783ರ ಬೇಸಿಗೆಯಲ್ಲಿ ಅಸಾಮಾ ಜ್ವಾಲಾಮುಖಿ ಸಿಡಿಯಿತು. ಆ ವರ್ಷ ಉತ್ತರ ಜಪಾನಿನಲ್ಲಿ ಬೇಸಿಗೆಯೇ ಬರಲಿಲ್ಲ, ಭತ್ತ ತೆನೆ ಕಟ್ಟಲಿಲ್ಲ. ನಮ್ಮ ಬರಗಾಲ ಅಂದರೆ ಬಿಸಿಲು, ಅವರದು ಚಳಿ. ಇನ್ನೂ ಉತ್ತರದ ಹಿರೊಸಾಕಿ ಸಂಸ್ಥಾನ ಒಂದರಲ್ಲೇ 80 ಸಾವಿರಕ್ಕೂ ಹೆಚ್ಚು ಜನ ಹಸಿವಿನಿಂದ, ರೋಗದಿಂದ ಸತ್ತರು. ಯೊನೆಜಾವಾದಲ್ಲಿ ಉಗ್ರಾಣ ತೆರೆದರು, ಪಕ್ಕದ ಎಚಿಗೊ ಸೀಮೆಯಿಂದ ಅಕ್ಕಿ ಕೊಂಡು ತಂದರು, ದೊರೆಯಿಂದ ಹಿಡಿದು ಎಲ್ಲರೂ ಗಂಜಿ ಕುಡಿದರು. ಒಬ್ಬರೂ ಸಾಯಲಿಲ್ಲ ಎಂದು ಕೆಲವರು ಹೇಳುತ್ತಾರೆ, ನಾವು ಅದನ್ನು ನಂಬುವುದಿಲ್ಲ. ಆದರೆ ನೆರೆಹೊರೆಗಿಂತ ಬಹಳ ಕಡಿಮೆ ಜನ ಸತ್ತರು ಎಂಬುದು ನಿಜ.

ಆ ಪೆಟ್ಟನ್ನು ಅವರು ಮರೆಯಲಿಲ್ಲ. 1802ರಲ್ಲಿ ಸಂಸ್ಥಾನ 'ಕತೆಮೊನೊ' ಎಂಬ ಒಂದು ಪುಸ್ತಕ ಅಚ್ಚು ಹಾಕಿಸಿತು. ಹೆಸರಿಗೆ ಅನ್ನದ ಜೊತೆ ಬೆರೆಸುವ ಪದಾರ್ಥ ಎಂಬ ಅರ್ಥ ಬರುತ್ತದೆ. ಬರದಲ್ಲಿ ತಿನ್ನಬಹುದಾದ 82 ಗಿಡಗಳು, ಅಕ್ಷರಮಾಲೆಯ ಕ್ರಮದಲ್ಲಿ. ಯಾವುದನ್ನು ಕುದಿಸಿ ನೀರು ಚೆಲ್ಲಬೇಕು, ಯಾವುದನ್ನು ನೆನೆಹಾಕಬೇಕು, ಹೇಗೆ ಒಣಗಿಸಿ ಇಡಬೇಕು ಎಂಬ ವಿವರ. ವೈದ್ಯರನ್ನು ಕೂರಿಸಿ ತಯಾರಿಸಿದ್ದು. 1,575 ಪ್ರತಿ ಮಾಡಿ ಹಳ್ಳಿಹಳ್ಳಿಗೆ ಹಂಚಿದರು. ಈಗಿನ ನಮ್ಮ ಅಣ್ಣೆಸೊಪ್ಪು, ಹೊನಗೊನ್ನೆ, ಗೋಣಿಸೊಪ್ಪಿನ ಜ್ಞಾನ ಅಜ್ಜಿಯರ ಬಾಯಲ್ಲಿ ಇರುವಂತೆ ಅಲ್ಲೂ ಇದ್ದದ್ದೇ. ಅದನ್ನು ಸರ್ಕಾರವೇ ಕೇಳಿ, ಪರೀಕ್ಷಿಸಿ, ಬರ ಇಲ್ಲದ ವರ್ಷದಲ್ಲಿ ಅಚ್ಚು ಹಾಕಿ ಮನೆಗೆ ತಲುಪಿಸಿದ್ದು ವಿಶೇಷ. ಮೂವತ್ತು ವರ್ಷ ಕಳೆದು 1830ರ ದಶಕದಲ್ಲಿ ಮತ್ತೆ ಕ್ಷಾಮ ಬಂದಾಗ ಆ ಪುಸ್ತಕ ಕೆಲಸಕ್ಕೆ ಬಂತು. ಬೇಲಿಗೆ ಉಕೊಗಿ ನೆಡುವುದು, ಹಿತ್ತಿಲ ಹೊಂಡದಲ್ಲಿ ಅಡುಗೆಮನೆಯ ಮುಸುರೆ ನೀರಿನಿಂದ ಕಾರ್ಪ್ ಮೀನು ಸಾಕುವುದು, ಇವೂ ಇದೇ ಯೋಚನೆಯವು. ಬೆಟ್ಟದ ನಡುವಿನ ಊರಿಗೆ ಸಮುದ್ರದ ಮೀನು ಎಲ್ಲಿ ಬರಬೇಕು? ಯೊನೆಜಾವಾದ ಕಾರ್ಪ್ ಇವತ್ತಿಗೂ ಹೆಸರುವಾಸಿ.

ಇನ್ನು ನೀರಿನ ವಿಷಯ. ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

1785ರಲ್ಲೇ ಯೋಜಾನ್ ಪಟ್ಟ ಬಿಟ್ಟುಕೊಟ್ಟ, ಮಾಜಿ ದೊರೆಯ ಮಗನಿಗೆ. ಕೊಡುವಾಗ ಮೂರು ಮಾತು ಬರೆದುಕೊಟ್ಟ. ರಾಜ್ಯ ಹಿರಿಯರಿಂದ ಬಂದು ಮಕ್ಕಳಿಗೆ ಹೋಗಬೇಕಾದ್ದು, ಸ್ವಂತದ್ದಲ್ಲ. ಜನರೂ ನಿನ್ನ ಸ್ವಂತದ್ದಲ್ಲ. ಜನರಿಗಾಗಿ ದೊರೆ, ದೊರೆಗಾಗಿ ಜನ ಅಲ್ಲ ಎಂಬ ಅರ್ಥದವು. ಫ್ರಾನ್ಸಿನಲ್ಲಿ ಕ್ರಾಂತಿ ಆಗುವುದಕ್ಕೆ ಇನ್ನೂ ನಾಲ್ಕು ವರ್ಷ ಇತ್ತು. ಹೊಸ ದೊರೆಯ ಕಾಲದಲ್ಲಿ, 1791ರಿಂದ, ನೊಝೊಕಿ ಯೊಶಿಮಾಸಾ ಎಂಬ ಅಧಿಕಾರಿಯ ಕೈಗೆ ಆಡಳಿತ ಬಂತು. ಅವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಯಾರು ಬೇಕಾದರೂ ತಮ್ಮ ಸಲಹೆ ಬರೆದು ಹಾಕಲು ಒಂದು ಪೆಟ್ಟಿಗೆ ಇಟ್ಟದ್ದು. ಯೋಜಾನ್ ಹಿಂದೆ ನಿಂತು ನೋಡುತ್ತಿದ್ದ. ನಿಜವಾದ ಚೇತರಿಕೆ ಆದದ್ದು ಈ ಎರಡನೆಯ ಸುತ್ತಿನಲ್ಲಿ.

ಬಯಲಿನ ಉತ್ತರ ಭಾಗದ ಹಳ್ಳಿಗಳಿಗೆ ನೀರಿರಲಿಲ್ಲ. ಲೆಕ್ಕಪತ್ರ ವಿಭಾಗದ ಅಧಿಕಾರಿ ಕುರೊಯಿ ಹನ್‌ಶಿರೊ ಗಣಿತ ಬಲ್ಲವನು. ನೆಲದ ಇಳಿಜಾರು ಅಳೆದು, ನದಿಯಿಂದ ಸುಮಾರು 32 ಕಿಲೋಮೀಟರ್ ಕಾಲುವೆ ತೆಗೆಸಿದ. 1790ರ ದಶಕದ ಕೆಲಸ ಅದು. 30ಕ್ಕೂ ಹೆಚ್ಚು ಹಳ್ಳಿಗೆ ನೀರು ಹೋಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಪಶ್ಚಿಮದ ಇನ್ನೊಂದು ಭಾಗಕ್ಕೆ ನೀರು ಸಾಲದು, ಈಡೆ ಬೆಟ್ಟದ ಆಚೆ ಮಗ್ಗುಲಲ್ಲಿ ಹಿಮ ಕರಗಿ ಹರಿಯುವ ಹೊಳೆ ಇದೆ. ಬೆಟ್ಟವನ್ನೇ ತೂತು ಮಾಡಿ ಈಚೆಗೆ ತರೋಣ ಎಂದ. ಸುಮಾರು 1,500 ಮೀಟರ್ ಎತ್ತರದಲ್ಲಿ, 150 ಮೀಟರ್ ಉದ್ದದ ಸುರಂಗ. ಹಾರೆ, ಉಳಿ, ಸುತ್ತಿಗೆ ಬಿಟ್ಟರೆ ಬೇರೆ ಯಂತ್ರವಿಲ್ಲ. ವರ್ಷದಲ್ಲಿ ಹಿಮ ಇಲ್ಲದ ಕೆಲವೇ ತಿಂಗಳು ಕೆಲಸ. 1799ರಲ್ಲಿ ಶುರುವಾಯಿತು. ಅದೇ ವರ್ಷ ಕುರೊಯಿ ತೀರಿಕೊಂಡ.

ಯೋಜನೆ ತಂದವನು ಹೋದ ಮೇಲೆ ಕೆಲಸ ನಿಲ್ಲುವುದೇ ನಮಗೆ ಗೊತ್ತಿರುವ ರೂಢಿ. ಅರ್ಧಕ್ಕೆ ನಿಂತ ಕಾಮಗಾರಿಯ ಫೋಟೊ ತೆಗೆದೇ ನಮ್ಮಲ್ಲಿ ಕೆಲವರಿಗೆ ಬೈಲೈನ್ ಸಿಕ್ಕಿದ್ದು. ಇಲ್ಲಿ ನಿಲ್ಲಲಿಲ್ಲ. ಬೇರೆಯವರು ಬಂದರು, ಎರಡೂ ಕಡೆಯಿಂದ ಕೊರೆಯುತ್ತಾ ಹೋದರು. 1818ರಲ್ಲಿ ಸುರಂಗ ಮುಗಿಯಿತು. ಶುರುವಿಗೆ ಕೂಲಿಗೆ ಬಂದ ಹುಡುಗರಿಗೆ ಆ ಹೊತ್ತಿಗೆ ದೊಡ್ಡ ಮಕ್ಕಳಿದ್ದಿರಬೇಕು. ಕುರೊಯಿಯ ಹೆಸರು ಕಾಲುವೆಗೆ ಉಳಿದಿದೆ. ಸುತ್ತಿಗೆ ಹಿಡಿದವರ ಹೆಸರು ನಮಗೆ ಎಲ್ಲೂ ಸಿಗಲಿಲ್ಲ. ಸುರಂಗದ ಹತ್ತಿರ ಹೋಗಲು ನಮಗೂ ಆಗಲಿಲ್ಲ, ಮೇ ತಿಂಗಳಲ್ಲಿ ಆ ಬೆಟ್ಟ ಇನ್ನೂ ಹಿಮದಲ್ಲಿತ್ತು. ಕೆಳಗೆ ಬಯಲಿನಲ್ಲಿ ಗದ್ದೆಗೆ ನೀರು ಬಿಟ್ಟಿದ್ದರು, ಬೆಟ್ಟದ ನೆರಳು ಅದರಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು.

ಯೋಜಾನ್ 1822ರಲ್ಲಿ ಸತ್ತ. ಸಾಲ ಪೂರ್ತಿ ತೀರಿದ್ದು ಅದರ ಮರುವರ್ಷ ಎನ್ನುತ್ತಾರೆ. ಪಟ್ಟಕ್ಕೆ ಬಂದು 56 ವರ್ಷ ಆಗಿತ್ತು. 1878ರಲ್ಲಿ ಇಸಬೆಲ್ಲಾ ಬರ್ಡ್ ಎಂಬ ಇಂಗ್ಲಿಷ್ ಹೆಂಗಸು ಕುದುರೆ ಮೇಲೆ ಉತ್ತರ ಜಪಾನ್ ಸುತ್ತುತ್ತಾ ಈ ಬಯಲಿಗೆ ಬಂದಳು. ಹಿಂದಿನ ದಾರಿಯಲ್ಲೆಲ್ಲ ಬಡತನ, ಚರ್ಮರೋಗ, ಚಿಗಟ ಎಂದು ಬರೆದವಳು ಇಲ್ಲಿಯ ಭತ್ತ, ಹತ್ತಿ, ಸೌತೆ, ದಾಳಿಂಬೆ ನೋಡಿ ಸ್ವರ್ಗವನ್ನೇ ಕಂಡವಳ ಹಾಗೆ ಹೊಗಳಿದಳು. ನೆಲ ಉಳುವವರ ಕೈಯಲ್ಲೇ ಇದೆ ಎಂಬುದೂ ಅವಳ ಕಣ್ಣಿಗೆ ಬಿದ್ದಿತ್ತು.

ನೇಯ್ಗೆಯ ಮಾತು ಬಿಟ್ಟರೆ ಊರಿನವರು ಬೇಸರ ಮಾಡಿಕೊಂಡಾರು. 1776ರಲ್ಲಿ ಯೋಜಾನ್ ಪಕ್ಕದ ಸೀಮೆಯ ನೇಕಾರರನ್ನು ಕರೆಸಿ ಸಮುರಾಯ್ ಮನೆಯ ಹೆಂಗಸರಿಗೆ ಮಗ್ಗ ಕಲಿಸಿದ. ಮೊದಲು ನಾರುಬಟ್ಟೆ, ಆಮೇಲೆ ರೇಷ್ಮೆ. ಬಣ್ಣಕ್ಕೆ ಕುಸುಬೆ. ಹೌದು, ವಿಜಯಪುರ, ಕಲಬುರಗಿ ಕಡೆಯ ಓದುಗರೇ, ನಿಮ್ಮ ಕುಸುಬೆಯೇ. ನೀವು ಕಾಳಿನಿಂದ ಎಣ್ಣೆ ತೆಗೆದಿರಿ, ಅವರು ಹೂವಿನಿಂದ ಕೆಂಪು ತೆಗೆದರು. ಈ ನೇಯ್ಗೆಯ ಊರಿನ ತಾಂತ್ರಿಕ ಕಾಲೇಜಿನ ಸಂಶೋಧನೆಯಿಂದ 1915ರಲ್ಲಿ ಇಲ್ಲೇ ರೇಯಾನ್ ಕಾರ್ಖಾನೆ ಶುರುವಾಯಿತು, ಜಪಾನಿನ ಕೃತಕ ರೇಷ್ಮೆ ಉದ್ಯಮದ ಬೇರು ಅದು. ಮುಂದೆ ಜಪಾನಿನ ಅಗ್ಗದ ರೇಷ್ಮೆ, ಕೃತಕ ರೇಷ್ಮೆ ಎರಡೂ ಭಾರತಕ್ಕೆ ಬಂದು 1930ರ ಆಸುಪಾಸಿನಲ್ಲಿ ನಮ್ಮ ಮೈಸೂರು ಸೀಮೆಯ ಗೂಡು ಬೆಳೆಯುವವರ ಸೊಂಟ ಮುರಿದವು. ಒಂದು ಊರಿನ ಏಳಿಗೆಯ ಎಳೆ ಹಿಡಿದು ಹೋದರೆ ಅದರ ಇನ್ನೊಂದು ತುದಿ ನಮ್ಮ ಚಂದ್ರಂಕಿಯಲ್ಲಿ ಸಿಕ್ಕಿದ್ದು ನಮಗೂ ಅನಿರೀಕ್ಷಿತ.

ಊರಿಂದ ಆಚೆ, ಕಾಡಿನ ದಾರಿಯ ತಝಾವಾ ಕಡೆ ಕೆಲವು ಕಲ್ಲುಗಳಿವೆ. ನಮ್ಮ ವೀರಗಲ್ಲಿನಂತೆ ನೆಟ್ಟ ಕಲ್ಲು, ಆದರೆ ಶಿಲ್ಪ ಇಲ್ಲ, ಬರೀ ಅಕ್ಷರ. ಕಡಿದ ಗಿಡಮರಗಳ ಆತ್ಮಕ್ಕೆ ನೆಮ್ಮದಿ ಸಿಗಲಿ ಎಂದು ನೆಟ್ಟದ್ದು. ಅತಿ ಹಳೆಯದು 1780ರದು. ಎದೊದಲ್ಲಿ ದೊರೆಯ ಬಿಡಾರ ಬೆಂಕಿಗೆ ಸುಟ್ಟಾಗ ಈ ಕಾಡಿನಿಂದ ಬಹಳ ಮರ ಕಡಿದರು, ಆಮೇಲೆ ಇಲ್ಲಿಯವರೇ ಕಲ್ಲು ನೆಟ್ಟರು ಎಂಬ ಮಾತಿದೆ. ಜಪಾನಿನಲ್ಲಿರುವ ಇಂತಹ ಕಲ್ಲುಗಳಲ್ಲಿ ಹೆಚ್ಚಿನವು ಈ ಸೀಮೆಯವೇ.

ಕೊನೆಗೆ ಒಂದು ಕಾಗದದ ವಿಷಯ. ಯೊನೆಜಾವಾದಲ್ಲಿ ಅದನ್ನು ಇಂದಿಗೂ ಕಾಪಾಡಿ ಇಟ್ಟಿದ್ದಾರೆ. ನಾವು ದೊರೆಯ ಬಗ್ಗೆ ಬರೆದದ್ದರಲ್ಲಿ ಬಹುಪಾಲು ಅಧಿಕಾರಿಗಳು, ವಿದ್ವಾಂಸರು ಬರೆದಿಟ್ಟ ಮಾತು. ಈ ಕಾಗದ ಮಾತ್ರ ಹೆತಾ ಎಂಬ ರೈತ ಮುದುಕಿ 1777ರಲ್ಲಿ ತನ್ನ ಮಗಳಿಗೆ ಬರೆಸಿದ್ದು. ಕೊಯ್ದ ಭತ್ತ ಒಣಹಾಕಿದ್ದಳು, ಸಂಜೆ ಮಳೆ ಬರುವ ಹಾಗಿತ್ತು, ಒಬ್ಬಳಿಗೇ ಸಾಗುತ್ತಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಸಮುರಾಯ್‌ಗಳು ಬಂದು ಹೊರೆ ಹೊತ್ತುಕೊಟ್ಟರು. ಸುಗ್ಗಿಗೆ ಸಹಾಯ ಮಾಡಿದವರಿಗೆ ಹೊಸ ಅಕ್ಕಿಯ ಮೋಚಿ ಕಡುಬು ಕೊಡುವುದು ಅಲ್ಲಿಯ ರೂಢಿ. ಎಲ್ಲಿಗೆ ತಂದುಕೊಡಲಿ ಎಂದಳು. ಕೋಟೆಯ ಉತ್ತರ ಬಾಗಿಲಿಗೆ ಬಾ ಎಂದರು. 33 ಕಡುಬು ಮಾಡಿಕೊಂಡು ಹೋದಳು. ಒಳಗೆ ಕರೆದುಕೊಂಡು ಹೋದರೆ, ಹೊರೆ ಹೊತ್ತವನು ದೊರೆ. ಗಾಬರಿಯಾದ ಮುದುಕಿಗೆ ಅವನು ಬೆಳ್ಳಿಯ ನಾಣ್ಯ ಐದು ಕೊಟ್ಟು ಕಳಿಸಿದ.

ಆ ದುಡ್ಡಿನಲ್ಲಿ ಅವಳು ಮನೆಮಂದಿಗೆಲ್ಲ, ಮೊಮ್ಮಕ್ಕಳಿಗೂ ಸೇರಿ, ಕಾಲುಚೀಲ ಹೊಲಿಸಿದಳು. ಮಗಳಿಗೂ ಒಂದು ಜೊತೆ ಕಳಿಸುತ್ತಿದ್ದೇನೆ, ಜೋಪಾನವಾಗಿ ಇಟ್ಟುಕೊಂಡು ಮಕ್ಕಳಿಗೆ ಕೊಡು ಎಂದು ತಿಳಿಸುವುದಕ್ಕೇ ಆ ಕಾಗದ.